ಮೊದಲು ಗಾಯದ ಬಗ್ಗೆ ಕೇಳು

ಹೊಸದಾಗಿ ಕರಿಕೋಟು ತೊಟ್ಟು, ನಮ್ಮ ಪಶ್ಚಿಮ ಬೆಂಗಳೂರಿನ ಯಾವುದೋ ಅಡ್ಡರಸ್ತೆಯಲ್ಲಿ ಬೋರ್ಡು ಹಾಕಿಕೊಂಡಿರುವ ನಿನಗೆ ಈ ಮಾತು. ನಿನ್ನ ಮೇಜಿಗೆ ಬರುವ ಮೊದಲ ಕ್ರಿಮಿನಲ್ ಕೇಸು ಕೊಲೆಯದ್ದೋ ದರೋಡೆಯದ್ದೋ ಆಗಿರುವುದು ಕಡಿಮೆ. ಅದು ಹೊಡೆದಾಟದ್ದು. ರಾಜಾಜಿನಗರದಲ್ಲಿ ಗೇಟಿನ ಮುಂದೆ ಕಾರು ನಿಲ್ಲಿಸಿದ್ದಕ್ಕೆ, ಬಸವೇಶ್ವರನಗರದಲ್ಲಿ ಪಕ್ಕದ ಸೈಟಿನವರು ಸಜ್ಜಾ ಹೊರಗೆ ಚಾಚಿದ್ದಕ್ಕೆ, ವಿಜಯನಗರದಲ್ಲಿ ಬೈಕಿಗೆ ಬೈಕು ತಗುಲಿದ್ದಕ್ಕೆ, ಕೆಂಗೇರಿಯಲ್ಲಿ ಅಣ್ಣತಮ್ಮಂದಿರ ಆಸ್ತಿ ಭಾಗಕ್ಕೆ. ಆಫೀಸಿಗೆ ಬರುವವರು ಹುಡುಗನ ಅಪ್ಪ, ಇಲ್ಲವೇ ಭಾವ. ಹುಡುಗ ಬಂದಿರುವುದಿಲ್ಲ, ಅವನ ಫೋನು ಸ್ವಿಚ್ ಆಫ್. ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುವುದು ಒಂದೇ ಮಾತು: ‘ಸರ್, ಆಂಟಿಸಿಪೇಟರಿ ಆಗುತ್ತಾ?’

ಆಗ ಯಾವ ಸೆಕ್ಷನ್ ಹಾಕಿದ್ದಾರೆ ಎಂದು ಕೇಳಬೇಡ. ಏಟು ತಿಂದವರು ಎಲ್ಲಿದ್ದಾರೆ ಎಂದು ಕೇಳು. ಯಾವ ಆಸ್ಪತ್ರೆ, ಎಷ್ಟು ಹೊಲಿಗೆ, ಎಕ್ಸ್‌ರೇ ತೆಗೆದರಾ, ಮನೆಗೆ ಕಳಿಸಿದರಾ, ಮಾತಾಡುತ್ತಿದ್ದಾರಾ? ಇದನ್ನು ಬರೀ ದಯೆಯಿಂದ ಕೇಳು ಎನ್ನುತ್ತಿಲ್ಲ. ನಾಳೆ ಸೆಷನ್ಸ್ ನ್ಯಾಯಾಧೀಶರು ಫೈಲು ತೆರೆದಾಗ ಅವರ ಕಣ್ಣು ಮೊದಲು ಹೋಗುವುದು, ಹೋಗಬೇಕಾದದ್ದು, ಅಲ್ಲಿಗೇ. ಹಲ್ಲೆ ಕೇಸಿನಲ್ಲಿ ನಿರೀಕ್ಷಣಾ ಜಾಮೀನು ಕೊಡಬೇಕೇ ಬೇಡವೇ ಎಂಬುದು ತೀರ್ಮಾನವಾಗಬೇಕಾದದ್ದು ಗಾಯ, ಅದನ್ನು ಮಾಡಿದ ಆಯುಧ, ಅದರಲ್ಲಿ ಈ ಒಬ್ಬ ಮನುಷ್ಯನ ಪಾಲು, ಮತ್ತು ಗಾಯಾಳು ನಾಳೆಯಿಂದ ಅದೇ ಬೀದಿಯಲ್ಲಿ ನಿರ್ಭಯವಾಗಿ ಓಡಾಡಬಹುದೇ ಎಂಬುದರ ಮೇಲೆ. ಎಫ್‌ಐಆರ್‌ನಲ್ಲಿ ಠಾಣೆಯವರು ಬರೆದ ಸೆಕ್ಷನ್ ನಂಬರು ಆಮೇಲಿನದು. ನಮ್ಮಲ್ಲಿ ವಾದ ಮಾಡುವವರೂ ಕೆಲವೊಮ್ಮೆ ಆದೇಶ ಬರೆಯುವವರೂ ಇದನ್ನು ತಲೆಕೆಳಗು ಮಾಡುತ್ತಾರೆ. ನೀನು ಆ ರೂಢಿಗೆ ಬೀಳಬಾರದೆಂದೇ ಇಷ್ಟು ಬರೆಯುತ್ತಿದ್ದೇನೆ.

ಜನ ಆಂಟಿಸಿಪೇಟರಿ ಎನ್ನುವ ಈ ನಿರೀಕ್ಷಣಾ ಜಾಮೀನು ಎಲ್ಲಿಂದ ಬಂತು ಎಂಬುದನ್ನು ಒಂದಿಷ್ಟು ತಿಳಿದುಕೋ. 1898ರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂಧನಕ್ಕೆ ಮೊದಲೇ ಜಾಮೀನು ಕೊಡುವ ಸ್ಪಷ್ಟ ಅಧಿಕಾರ ಇರಲಿಲ್ಲ. ಪ್ರಭಾವಿಗಳು ತಮಗಾಗದವರ ಮೇಲೆ ಸುಳ್ಳು ಕೇಸು ಹಾಕಿಸಿ, ನಾಲ್ಕು ದಿನ ಲಾಕಪ್ಪಿನಲ್ಲಿ ಇರಿಸಿ ಮಾನ ಕಳೆಯುತ್ತಾರೆ, ಅದಕ್ಕೊಂದು ತಡೆ ಬೇಕು ಎಂದು ಕಾನೂನು ಆಯೋಗ 1969ರ ತನ್ನ 41ನೇ ವರದಿಯಲ್ಲಿ ಹೇಳಿತು. 1973ರ ಸಂಹಿತೆಯಲ್ಲಿ ಅದು 438ನೇ ಕಲಮಾಗಿ ಬಂತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಉತ್ತರ ಪ್ರದೇಶ ಈ ಕಲಮನ್ನೇ ತನ್ನ ರಾಜ್ಯದ ಮಟ್ಟಿಗೆ ಕಿತ್ತುಹಾಕಿತು. ಅಲ್ಲಿಯವರಿಗೆ ಅದು ಮರಳಿ ಸಿಕ್ಕಿದ್ದು 2019ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಜನ ಇಂಥ ಅರ್ಜಿಯನ್ನೇ ಹಾಕುವಂತಿರಲಿಲ್ಲ. ನಮಗೆ ಕರ್ನಾಟಕದಲ್ಲಿ ಆ ಗತಿ ಬರಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅದೇ ಅಧಿಕಾರ 482ನೇ ಕಲಮಿನಲ್ಲಿದೆ. ನ್ಯಾಯಾಲಯ ಏನೇನು ಗಮನಿಸಬೇಕು ಎಂಬ ಪಟ್ಟಿ ಈ ಕಲಮಿನಲ್ಲಿ ಇಲ್ಲ. ಹಾಗಾಗಿ ಈಗ ದಾರಿ ತೋರುವುದು ಹಿಂದಿನ ತೀರ್ಪುಗಳೇ.

ಅವುಗಳಲ್ಲಿ ಎರಡನ್ನು ಮೂಲದಲ್ಲೇ ಓದು. ಯಾರೋ ಮಾಡಿದ ಸಾರಾಂಶ ಸಾಲದು. ಒಂದು, 1980ರ ಗುರುಬಕ್ಷ್ ಸಿಂಗ್ ಸಿಬ್ಬಿಯಾ ತೀರ್ಪು. ಪಂಜಾಬಿನ ಮಂತ್ರಿಯಾಗಿದ್ದವರ ಮೇಲಿನ ಭ್ರಷ್ಟಾಚಾರದ ಆರೋಪದಲ್ಲಿ, ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠ ಕೊಟ್ಟದ್ದು. ಎಫ್‌ಐಆರ್ ಆಗಿರಲೇಬೇಕೆಂದಿಲ್ಲ, ಆದರೆ ಬಂಧನದ ಭಯಕ್ಕೆ ಆಧಾರ ಇರಬೇಕು. ಯಾವ ಕೇಸಿನಲ್ಲೂ ಹಿಡಿಯಬಾರದು ಎಂಬ ಸಾರಾಸಗಟು ಆದೇಶ ಕೊಡಲಾಗದು. ನ್ಯಾಯಾಧೀಶರ ವಿವೇಚನೆಯನ್ನು ಸೂತ್ರಗಳಿಂದ ಕಟ್ಟಿಹಾಕಬಾರದು ಎಂದಿತು. ಇನ್ನೊಂದು, 2020ರ ಜನವರಿ 29ರ ಸುಶೀಲಾ ಅಗರ್‌ವಾಲ್ ತೀರ್ಪು. ಅದೂ ಐವರ ಪೀಠ. ಈ ರಕ್ಷಣೆಯನ್ನು ಸಾಮಾನ್ಯವಾಗಿ ಇಷ್ಟೇ ದಿನ ಎಂದು ಮೊಟಕು ಮಾಡಬೇಕಿಲ್ಲ, ವಿಚಾರಣೆ ಮುಗಿಯುವವರೆಗೂ ಇರಬಹುದು ಎಂದು ಹೇಳಿದ್ದು ಅಲ್ಲಿ.

ಈಗ ಸೆಕ್ಷನ್ನಿಗೆ ಬಾ. ಹಲ್ಲೆಯ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಬರಿಗೈಯಲ್ಲಿ ಗುದ್ದಿ ಒಬ್ಬನ ಮೂಗಿನ ಮೂಳೆ ಮುರಿದರೆ ಅದು ತೀವ್ರ ಗಾಯ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 117(2), ಏಳು ವರ್ಷದವರೆಗೆ ಸಜೆ. ಆದರೂ ಅದು ಜಾಮೀನು ಕೊಡಲೇಬೇಕಾದ ಅಪರಾಧ, ಠಾಣೆಯಲ್ಲೇ ಬಾಂಡ್ ಬರೆದುಕೊಟ್ಟು ಮನೆಗೆ ಹೋಗಬಹುದು. ಅದೇ ಜಗಳದಲ್ಲಿ ಇನ್ನೊಬ್ಬ ಕೀಗೊಂಚಲಿನ ಸಣ್ಣ ಚಾಕು ತೆಗೆದು ಮೊಣಕೈ ಹತ್ತಿರ ಗೀರಿ, ಎರಡು ಹೊಲಿಗೆ ಬಿದ್ದರೆ ಅದು 118(1). ಗರಿಷ್ಠ ಮೂರು ವರ್ಷ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಜೆ ಅರ್ಧಕ್ಕಿಂತ ಕಡಿಮೆ, ಆದರೆ ಜಾಮೀನು ರಹಿತ. ಹಳೆಯ ಐಪಿಸಿ 324 ಇದ್ದಾಗ ಇಂಥವರು ಠಾಣೆಯ ಬಾಂಡಿನ ಮೇಲೆಯೇ ಬಿಡುಗಡೆಯಾಗುತ್ತಿದ್ದರು. ಈಗ ಅದೇ ಜಗಳಕ್ಕೆ ಸೆಷನ್ಸ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ನಿರೀಕ್ಷಣಾ ಜಾಮೀನು ಕೇಳಲು ಬರುವುದು ಜಾಮೀನು ರಹಿತ ಅಪರಾಧದಲ್ಲಿ ಮಾತ್ರ, ಅದನ್ನು ನೆನಪಿಡು. 115(2)ರ ಸಾಮಾನ್ಯ ಗಾಯಕ್ಕೆ, ಬರೀ 117(2)ಕ್ಕೆ ಅರ್ಜಿ ಹಾಕಿ ಕಕ್ಷಿದಾರರ ಹಣ ಕಳೆಯಬೇಡ.

ಇದರಿಂದಾಗಿ ದೂರಿನಲ್ಲಿ ‘ಹೆಲ್ಮೆಟ್ಟಿನಿಂದ’, ‘ಇಟ್ಟಿಗೆಯಿಂದ’ ಎಂಬ ಒಂದು ಮಾತು ಬಿದ್ದರೆ ಮನುಷ್ಯನೊಬ್ಬನ ಸ್ವಾತಂತ್ರ್ಯ ತೂಗಾಡುತ್ತದೆ. ಹೆಲ್ಮೆಟ್ಟು 118ರ ಅರ್ಥದಲ್ಲಿ ಅಪಾಯಕಾರಿ ಆಯುಧವೇ ಅಲ್ಲವೇ ಎಂಬುದು ಅದನ್ನು ಹೇಗೆ, ಎಲ್ಲಿಗೆ, ಎಷ್ಟು ಬಲವಾಗಿ ಬೀಸಿದರು ಎಂಬುದರ ಮೇಲಿದೆ. ಅದನ್ನೆಲ್ಲ ಅಳೆಯುವುದು ವಿಚಾರಣೆಯ ಕೆಲಸ. ಅಲ್ಲಿಯವರೆಗೆ, ಹಿಂದೆ ಕೇಸಿಲ್ಲದ, ಊರಲ್ಲೇ ಇರುವ, ಕರೆದರೆ ಬರುವ ಮನುಷ್ಯನನ್ನು ಒಳಗೆ ಹಾಕಿ ಏನು ಸಾಧಿಸುತ್ತೇವೆ? ಇಂಥ 118(1)ರ ಕೇಸುಗಳಲ್ಲಿ ಸೆಷನ್ಸ್ ನ್ಯಾಯಾಲಯ ಉದಾರವಾಗಿ, ಬೇಗ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಹಾರದ ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರ ಜುಲೈ 2ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ದಾರಿಯದ್ದು. ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಬಂಧನ ಏಕೆ ಬೇಕು ಎಂಬುದಕ್ಕೆ ಪೊಲೀಸರು ಕಾರಣ ಬರೆದಿಡಬೇಕು, ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. ಆ ನೋಟಿಸು ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಅಡಿ ಬರುತ್ತದೆ. ಕಕ್ಷಿದಾರರ ಮನೆಗೆ ಅದು ಬಂದಿದೆಯೇ ಎಂದು ಕೇಳು. ಬಂದಿದ್ದರೆ ಹುಡುಗನನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ ಠಾಣೆಗೆ ಕಳಿಸು. ನೋಟಿಸಿಗೆ ಹಾಜರಾಗುತ್ತಿರುವವನನ್ನು ಹಿಡಿಯಬೇಕಾದರೆ ಪೊಲೀಸರು ಹೊಸದಾಗಿ ಕಾರಣ ಬರೆಯಬೇಕಾಗುತ್ತದೆ. ನೋಟಿಸನ್ನು ಫ್ರಿಜ್ಜಿನ ಮೇಲಿಟ್ಟು ಹೊಸೂರಿನ ನೆಂಟರ ಮನೆಗೆ ಹೋಗಿ ಕೂತವನಿಗೆ ನಾನಾಗಲಿ ನೀನಾಗಲಿ ಏನೂ ಮಾಡಲಾಗದು. ಘೋಷಿತ ಅಪರಾಧಿ ಎನ್ನಿಸಿಕೊಂಡವನಿಗೆ ಸಾಮಾನ್ಯವಾಗಿ ಈ ಪರಿಹಾರ ಇಲ್ಲ ಎಂದು 2012ರ ಲವೇಶ್ ತೀರ್ಪು ಹೇಳುತ್ತದೆ.

ಗಾಯದ ಸರ್ಟಿಫಿಕೇಟಿಗೆ ಬರೋಣ. ಹಲ್ಲೆ ಕೇಸಿನ ಫೈಲಿನಲ್ಲಿ ಇದಕ್ಕಿಂತ ನಿಜವಾದ ಕಾಗದ ಇನ್ನೊಂದಿಲ್ಲ, ಇದಕ್ಕಿಂತ ಕಡಿಮೆ ಓದಿಸಿಕೊಳ್ಳುವ ಕಾಗದವೂ ಇಲ್ಲ. ಹೆಚ್ಚಿನವರು ಕೊನೆಯ ಸಾಲಿಗೆ ಹಾರಿ ‘ಸಾಧಾರಣ’ ಎಂದಿದೆಯೋ ‘ತೀವ್ರ’ ಎಂದಿದೆಯೋ ನೋಡಿ ಬಿಡುತ್ತಾರೆ. ನೀನು ಮೇಲಿನಿಂದ ಓದು. ಮೊದಲಿಗೆ, ಗಾಯಾಳು ಆಸ್ಪತ್ರೆಗೆ ಬಂದ ಹೊತ್ತು, ಕರೆತಂದವರು ಯಾರು, ಮತ್ತು ಡ್ಯೂಟಿ ಡಾಕ್ಟರಿಗೆ ಅವರು ಬಾಯಲ್ಲಿ ಹೇಳಿದ್ದು ಏನು. ರಾತ್ರಿ ಹತ್ತೂವರೆಗೆ ಕೆ.ಸಿ. ಜನರಲ್ ಆಸ್ಪತ್ರೆಗೋ ವಿಕ್ಟೋರಿಯಾಕ್ಕೋ ಬಂದವನು ‘ಪರಿಚಯದ ಇಬ್ಬರು ಹೊಡೆದರು’ ಎಂದು ಆಸ್ಪತ್ರೆಯ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಪುಸ್ತಕದಲ್ಲಿ ಬರೆಸಿ, ಮರುದಿನ ಸಂಜೆಯ ದೂರಿನಲ್ಲಿ ಅದು ಏಳು ಜನ ಆಗಿದ್ದರೆ, ಉಳಿದ ಐವರ ಪರವಾಗಿ ನಿನ್ನ ಅರ್ಜಿಯ ಜೀವಾಳ ಅಲ್ಲಿದೆ. ‘ಬೈಕಿನಿಂದ ಬಿದ್ದೆ’ ಎಂದು ಬರೆಸಿದ್ದರೂ ಸುಮ್ಮನೆ ಹಿಗ್ಗಬೇಡ. ಭಯದಿಂದ ಹಾಗೆ ಹೇಳುವವರಿದ್ದಾರೆ, ಹೊಡೆದವರೇ ಆಸ್ಪತ್ರೆಗೆ ಕರೆತಂದು ಪಕ್ಕದಲ್ಲಿ ನಿಂತಿರುವುದೂ ಉಂಟು.

ಆಮೇಲೆ ಗಾಯಗಳ ವಿವರ. ತರಚು, ಜಜ್ಜಿದ್ದು, ಹರಿದದ್ದು, ಕತ್ತರಿಸಿದ್ದು ಎಂದು ಬೇರೆ ಬೇರೆ ಬರೆದಿರುತ್ತಾರೆ, ಉದ್ದ ಅಗಲ ಆಳ ಸೆಂಟಿಮೀಟರಿನಲ್ಲಿ. ಅಂಚು ಹರಿದ ಗಾಯ ಕಲ್ಲು, ದೊಣ್ಣೆ, ಬಿದ್ದ ನೆಲದಿಂದ ಆಗುವಂಥದ್ದು. ಅಂಚು ನೇರವಾಗಿ ಸೀಳಿದ್ದರೆ ಹರಿತವಾದದ್ದೇ ಬೇಕು. ದೂರಿನಲ್ಲಿ ಲಾಂಗು ಎಂದಿದ್ದು ಮೈಮೇಲೆ ಬರೀ ತರಚು ಇದ್ದರೆ ಅದನ್ನು ನ್ಯಾಯಾಧೀಶರಿಗೆ ತೋರಿಸು. ಇದು ಎರಡೂ ಕಡೆಗೆ ಕುಯ್ಯುತ್ತದೆ ಎಂಬುದನ್ನೂ ಮರೆಯಬೇಡ. ಮುಂಗೈಯಲ್ಲಿ ಕಿರುಬೆರಳಿನ ಕಡೆಯ ಮೂಳೆ ಒಂದೇ ಮುರಿದಿದೆ ಎಂದು ಎಕ್ಸ್‌ರೇ ಹೇಳಿದರೆ, ನೋಡಲು ಸಣ್ಣ ವಿಷಯ, ಕೈಗೆ ತಾನೇ ಪೆಟ್ಟು ಎಂದು ನಿನ್ನ ಕಕ್ಷಿದಾರ ಹೇಳುತ್ತಾನೆ. ಕೈ ಎತ್ತಿ ತಲೆಯನ್ನು ಮುಚ್ಚಿಕೊಂಡಾಗ ಆ ಮೂಳೆ ಹೊರಗೆ ಬರುತ್ತದೆ. ಅನುಭವಿ ನ್ಯಾಯಾಧೀಶರಿಗೆ ಅದು ಗೊತ್ತು: ಪೆಟ್ಟು ಬಿದ್ದದ್ದು ಕೈಗಾದರೂ ಗುರಿ ಇದ್ದದ್ದು ತಲೆಗೆ ಇರಬಹುದು. ಕೊಲೆ ಯತ್ನಕ್ಕೆ, ಅಂದರೆ ಈಗಿನ 109ಕ್ಕೆ, ಹಳೆಯ ‘ತ್ರೀ ನಾಟ್ ಸೆವೆನ್’ಗೆ, ಗಾಯ ದೊಡ್ಡದಿರಬೇಕೆಂದಿಲ್ಲ, ಉದ್ದೇಶ ಇದ್ದರೆ ಸಾಕು. ಉದ್ದೇಶ ಕಾಣುವುದು ಇಂಥ ಕಡೆ.

ಇನ್ನೊಂದು ಸಣ್ಣ ಬದಲಾವಣೆ. ತೀವ್ರ ನೋವಿನಿಂದ ನರಳಿದ್ದರೆ, ಇಲ್ಲವೇ ದಿನನಿತ್ಯದ ಕೆಲಸ ಮಾಡಲಾಗದೆ ಬಿದ್ದಿದ್ದರೆ ಅದನ್ನು ತೀವ್ರ ಗಾಯ ಎನ್ನಲು ಐಪಿಸಿಯಲ್ಲಿ 20 ದಿನ ಬೇಕಿತ್ತು. ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಅದು 15 ದಿನ. ಹಳೆಯ ನೋಟ್ಸು ಹಿಡಿದು ವಾದಕ್ಕೆ ನಿಲ್ಲಬೇಡ.

ಗಾಯ ಆಯಿತು, ಆಯುಧ. ನಾನು ನ್ಯಾಯಾಧೀಶನ ಜಾಗದಲ್ಲಿದ್ದರೆ ಕೇಳುವ ಪ್ರಶ್ನೆ ಒಂದಿದೆ, ನೀನೂ ನಿನ್ನ ಕಕ್ಷಿದಾರನನ್ನು ಬಾಗಿಲು ಹಾಕಿಕೊಂಡು ಕೇಳು. ಹೊಡೆದದ್ದು ಕೈಗೆ ಸಿಕ್ಕಿದ್ದರಿಂದಲೋ, ಕೈಯಲ್ಲಿ ತಂದದ್ದರಿಂದಲೋ? ಮಾತಿಗೆ ಮಾತು ಬೆಳೆದು, ರಸ್ತೆ ಬದಿ ಬಿದ್ದಿದ್ದ ಟೈಲ್ಸ್ ಚೂರನ್ನೋ ಸೆಂಟ್ರಿಂಗ್ ಕಟ್ಟಿಗೆಯನ್ನೋ ಎತ್ತಿ ಬೀಸಿದವನು ಒಬ್ಬ. ಜಗಳ ಆಗಿ, ಮನೆಗೆ ಹೋಗಿ, ಸ್ಕೂಟರ್ ಡಿಕ್ಕಿಯಲ್ಲಿ ಮಚ್ಚು ಇಟ್ಟುಕೊಂಡು, ಇಬ್ಬರು ಗೆಳೆಯರನ್ನು ಕರೆದುಕೊಂಡು ಮರಳಿ ಬಂದವನು ಇನ್ನೊಬ್ಬ. ಇಬ್ಬರೂ 118ರ ಅಡಿಯಲ್ಲೇ ಬರಬಹುದು. ಮೊದಲಿನವನಿಗೆ ಬಂಧನಪೂರ್ವ ಜಾಮೀನು ಕೊಡದಿದ್ದರೆ ಅದು ಕಠೋರತೆ. ಎರಡನೆಯವನಿಗೆ ಸಲೀಸಾಗಿ ಕೊಟ್ಟರೆ ಅದು ಆ ಬೀದಿಗೆ ಮಾಡಿದ ಅನ್ಯಾಯ. ಅವನು ಯೋಚಿಸಿ ಬಂದಿದ್ದಾನೆ, ಯೋಚಿಸಲು ಸಮಯ ಸಿಕ್ಕಿತ್ತು, ಆ ಸಮಯವನ್ನು ಅವನು ಮಚ್ಚು ಹುಡುಕಲು ಬಳಸಿದ.

ಆಯುಧ ಇನ್ನೂ ಸಿಕ್ಕಿಲ್ಲ, ಆದ್ದರಿಂದ ವಶದಲ್ಲಿಟ್ಟು ವಿಚಾರಿಸಬೇಕು ಎಂದು ಸರ್ಕಾರಿ ಅಭಿಯೋಜಕರು ತಕರಾರು ಹಾಕಿಯೇ ಹಾಕುತ್ತಾರೆ. ಅದಕ್ಕೆ ಸಿಬ್ಬಿಯಾ ತೀರ್ಪಿನಲ್ಲೇ ಉತ್ತರ ಇದೆ: ಜಾಮೀನಿನ ಮೇಲಿದ್ದವನು ವಸ್ತು ತೋರಿಸಿಕೊಟ್ಟರೆ, ಅಷ್ಟರ ಮಟ್ಟಿಗೆ ಅವನು ಪೊಲೀಸ್ ವಶದಲ್ಲಿದ್ದ ಎಂದೇ ತಿಳಿದು ಸಾಕ್ಷ್ಯ ಪಡೆಯಬಹುದು. ಹಾಗಂತ ‘ವಶದ ವಿಚಾರಣೆ ಬೇಕಿಲ್ಲ’ ಎಂಬುದೊಂದೇ ವಾದ ಇಟ್ಟುಕೊಂಡು ಹೋಗಬೇಡ. ಅದು ಒಂದೇ ಸಾಲದು, ಆರೋಪದ ಗಂಭೀರತೆಯನ್ನು ಮೊದಲು ನೋಡಬೇಕು ಎಂದು 2022ರ ಸುಮಿತಾ ಪ್ರದೀಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ.

ಮೂರನೆಯದು ಪಾತ್ರ, ನಮ್ಮ ಕಡೆಯ ಹಲ್ಲೆ ಕೇಸುಗಳ ದೊಡ್ಡ ರೋಗ ಇರುವುದು ಇಲ್ಲಿ. ಹೊಡೆದವನು ಒಬ್ಬ. ದೂರಿನಲ್ಲಿ ಅವನ ಅಣ್ಣ, ಅತ್ತಿಗೆ, ಅರವತ್ತೆರಡು ವರ್ಷದ ಅಪ್ಪ, ಊರಿನಿಂದ ರಜೆಗೆ ಬಂದಿದ್ದ ಷಡ್ಡಕ, ಎಲ್ಲರೂ ಇರುತ್ತಾರೆ. ‘ಎಲ್ಲರೂ ಸೇರಿ ಕೈಯಿಂದ, ಕಾಲಿನಿಂದ ಹೊಡೆದರು’ ಎಂಬ ಸಾಲು ಎಲ್ಲ ದೂರುಗಳಲ್ಲೂ ಒಂದೇ ರೀತಿ ಕಾಣುತ್ತದೆ. ಇದಕ್ಕೆ ಮದ್ದು ಇರುವ ತೀರ್ಪು ನಮ್ಮ ಗಡಿಯ ಆಚೆಯಿಂದಲೇ ಬಂದದ್ದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕನ್ನಡ ಮಾತಾಡುವ ಜನ ತುಂಬಿರುವ ತಾಲ್ಲೂಕು. ಆಗ ಅಲ್ಲಿನ ಕಾಂಗ್ರೆಸ್ ನಾಯಕರಾಗಿದ್ದ ಸಿದ್ಧರಾಮ ಸಾತಲಿಂಗಪ್ಪ ಮ್ಹೇತ್ರೆ ಅವರ ಮೇಲೆ, ಎದುರು ಪಕ್ಷದ ಕಾರ್ಯಕರ್ತರೊಬ್ಬರು ಗುಂಡಿಗೆ ಬಲಿಯಾದ ಪ್ರಕರಣದಲ್ಲಿ ಪ್ರಚೋದನೆಯ ಆರೋಪ ಬಂತು. ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತು. 2010ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿತು. ಆಗ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರ ಪೀಠ ಏನೇನು ನೋಡಬೇಕೆಂದು ಬಿಡಿಸಿ ಬರೆಯಿತು. ಅದರಲ್ಲಿ ಹಲ್ಲೆ ಕೇಸು ನಡೆಸುವವರು ಬಾಯಿಪಾಠ ಮಾಡಬೇಕಾದ ಮಾತಿದೆ: ಸಮಾನ ಉದ್ದೇಶ, ಅಕ್ರಮ ಕೂಟದ ಕಲಮುಗಳ ಬಲದಿಂದ ಮಾತ್ರ ಒಬ್ಬರನ್ನು ಕೇಸಿಗೆ ಎಳೆದಿದ್ದರೆ ನ್ಯಾಯಾಲಯ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು, ಏಕೆಂದರೆ ಬೇಡದವರನ್ನೂ ಸೇರಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಐಪಿಸಿ 34 ಈಗ 3(5), 149 ಈಗ 190. ಅತ್ತಿಗೆ, ಅಪ್ಪ, ಷಡ್ಡಕರಿಗೆ ಒಟ್ಟಿಗೆ ಅರ್ಜಿ ಹಾಕು, ಹೊಡೆದವನಿಗೆ ಬೇರೆ ಹಾಕು. ಎಲ್ಲರನ್ನೂ ಒಂದೇ ಅರ್ಜಿಯಲ್ಲಿ ಕಟ್ಟಿದರೆ ಅವನ ಭಾರಕ್ಕೆ ಇವರೂ ಮುಳುಗುತ್ತಾರೆ.

ಆದರೆ ಗುಂಪು ಎಂದ ಕೂಡಲೇ ಎಲ್ಲರೂ ಅಮಾಯಕರು ಎಂದು ವಾದಿಸುವ ಚಟ ಬೇಡ. ನಮ್ಮ ಭಾಗದಲ್ಲೇ 2024ರ ಜೂನ್‌ನಲ್ಲಿ ನಡೆದದ್ದು ನಿನಗೆ ಗೊತ್ತು. ಚಿತ್ರದುರ್ಗದಿಂದ ಕರೆತಂದ ವ್ಯಕ್ತಿಯನ್ನು ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಸಾಯಿಸಿದರೆಂಬ ಆರೋಪ. ಶವ ಸಿಕ್ಕಿದ್ದು ಸುಮನಹಳ್ಳಿಯ ರಾಜಕಾಲುವೆ ಬಳಿ, ಕಾಮಾಕ್ಷಿಪಾಳ್ಯ ಠಾಣೆಯ ವ್ಯಾಪ್ತಿಯಲ್ಲಿ. ನಟ ದರ್ಶನ್ ಸೇರಿ 17 ಜನ ಆರೋಪಿಗಳಾದರು. 2024ರ ಡಿಸೆಂಬರ್ 13ರಂದು ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ತಪ್ಪು ಯಾರದು ಎಂಬುದನ್ನು ವಿಚಾರಣಾ ನ್ಯಾಯಾಲಯ ಹೇಳಬೇಕು, ನಾವು ನೀವು ಹೇಳಲಾಗದು. ಅದು ಬಂಧನದ ನಂತರದ ಜಾಮೀನು, ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದಲ್ಲ. ನಾನು ಅದನ್ನು ಎತ್ತಿದ್ದು ಬೇರೆ ಕಾರಣಕ್ಕೆ. ನಿನ್ನ ವಯಸ್ಸಿನ ಹುಡುಗರು ‘ಸ್ವಲ್ಪ ಬುದ್ಧಿ ಕಲಿಸೋಣ ಬಾ’ ಎಂದು ಯಾರೋ ಕರೆದರೆ ಜೊತೆಗೆ ಹೋಗುತ್ತಾರೆ, ನಾನು ಮುಟ್ಟಲಿಲ್ಲ ಎಂದು ಆಮೇಲೆ ಅಳುತ್ತಾರೆ. ನಾಲ್ವರು ಸುತ್ತ ನಿಂತು ಒಬ್ಬನನ್ನು ಹೊಡೆಯುವಾಗ, ಸುತ್ತ ನಿಂತದ್ದೂ ಹೊಡೆತದ ಭಾಗವೇ ಎಂದು ಕಾನೂನು ನೋಡಬಲ್ಲದು. ನಿನ್ನ ಬಳಿ ಬರುವ ಹುಡುಗರಿಗೆ ಇದನ್ನು ಕೇಸು ಆಗುವ ಮೊದಲೇ ಹೇಳು. ಬಡಾವಣೆಯ ಗಣೇಶನ ಪೆಂಡಾಲಿನಲ್ಲೇ ಹೇಳು.

ಸೆಕ್ಷನ್ ಮಧ್ಯದಲ್ಲಿ ಬದಲಾಗುತ್ತದೆ ಎಂಬುದನ್ನೂ ತಿಳಿದಿರು. 2018ರ ಫೆಬ್ರುವರಿಯಲ್ಲಿ ಯುಬಿ ಸಿಟಿಯಲ್ಲಿ ಯುವಕನೊಬ್ಬನ ಮೇಲೆ ನಡೆದ ಹಲ್ಲೆಯಲ್ಲಿ ಶಾಸಕರ ಮಗ ಮೊಹಮ್ಮದ್ ನಲಪಾಡ್ ಆರೋಪಿಯಾದಾಗ, ಮೊದಲು ಇಲ್ಲದಿದ್ದ ಕೊಲೆ ಯತ್ನದ ಕಲಮು ಆಮೇಲೆ ಸೇರಿತು. ಸೆಷನ್ಸ್‌ನಲ್ಲೂ ಹೈಕೋರ್ಟಿನಲ್ಲೂ ಜಾಮೀನು ನಿರಾಕರಣೆಯಾಗಿ, ಕೊನೆಗೆ ಹೈಕೋರ್ಟಿನಿಂದ ಸಿಕ್ಕಿದ್ದು ಜೂನ್‌ನಲ್ಲಿ. ಸೋಮವಾರ ಠಾಣೆ ಜಾಮೀನು ಎಂದುಕೊಂಡದ್ದು ಗುರುವಾರ 109 ಆಗಬಹುದು. ಹಾಗಾದಾಗ ಅದು ಪೊಲೀಸರ ಹಗೆ ಎಂದು ಕೂಗುವ ಮೊದಲು ಗಾಯಾಳುವಿನ ಸ್ಕ್ಯಾನ್ ವರದಿ ಈ ನಡುವೆ ಬಂದಿದೆಯೇ ಎಂದು ನೋಡು.

ಎಲ್ಲಿ ಕೇಳಲೇಬಾರದು, ಎಲ್ಲಿ ಕೇಳಿದರೂ ಸಿಗುವುದು ಕಷ್ಟ? ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ರ 18ನೇ ಕಲಮು ನಿರೀಕ್ಷಣಾ ಜಾಮೀನನ್ನೇ ಮುಚ್ಚಿದೆ. 2018ರಲ್ಲಿ 18ಎ ಸೇರಿ ಅದು ಇನ್ನೂ ಗಟ್ಟಿಯಾಯಿತು. 2020ರ ಪೃಥ್ವಿರಾಜ್ ಚೌಹಾಣ್ ತೀರ್ಪು ಒಂದು ಕಿಂಡಿ ಮಾತ್ರ ಬಿಟ್ಟಿದೆ: ದೂರನ್ನು ಓದಿದರೆ ಆ ಕಾಯ್ದೆಯ ಅಪರಾಧವೇ ಮೇಲ್ನೋಟಕ್ಕೆ ಕಾಣದಿದ್ದಾಗ. ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಲು ಹೋಗಬೇಡ. ಜಾತಿ ಹಿಡಿದು ಬೈದು ಹೊಡೆಸಿಕೊಂಡವರು ಠಾಣೆಯವರೆಗೆ ಬಂದದ್ದೇ ಎಷ್ಟು ದೊಡ್ಡ ಧೈರ್ಯ ಎಂದು ಯೋಚಿಸು. ಆಸ್ಪತ್ರೆಯ ಡಾಕ್ಟರು ನರ್ಸುಗಳ ಮೇಲೆ ಕೈ ಮಾಡಿದರೆ ನಮ್ಮ ರಾಜ್ಯದ 2009ರ ಪ್ರತ್ಯೇಕ ಕಾಯ್ದೆ ಇದೆ. ಬಿಎಂಟಿಸಿ ಕಂಡಕ್ಟರಿಗೆ ಹೊಡೆದರೆ ಸಾರ್ವಜನಿಕ ನೌಕರನ ಮೇಲಿನ ಹಲ್ಲೆಯ 132, ಜಾಮೀನು ರಹಿತ. ಸಜೆ ಚಿಕ್ಕದಿದ್ದರೂ ಇಂಥ ಕೇಸಿನಲ್ಲಿ ನ್ಯಾಯಾಧೀಶರು ಗಟ್ಟಿಯಾಗಿ ನಿಂತರೆ ನನಗೆ ಬೇಸರವಿಲ್ಲ, ಏಕೆಂದರೆ ಏಟು ತಿಂದವರು ಡ್ಯೂಟಿಯಲ್ಲಿದ್ದವರು.

ಕೌಂಟರ್ ಕೇಸಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎದುರಿನವರು ದೂರು ಕೊಟ್ಟ ಮೇಲೆ, ನಮ್ಮ ಕಡೆಯವನನ್ನೂ ಯಾವುದಾದರೂ ನರ್ಸಿಂಗ್ ಹೋಮಿಗೆ ಸೇರಿಸಿ ಕೈಗೆ ಬ್ಯಾಂಡೇಜು ಸುತ್ತಿಸಿ, ಅವರ ಮೇಲೂ ಒಂದು ದೂರು ಜಡಿಯುವ ಸಲಹೆ ಕೊಡುವ ಹಿರಿಯರು ನಿನಗೆ ಸಿಗುತ್ತಾರೆ. ಇಬ್ಬರಿಗೂ ಪೆಟ್ಟಾಗಿದ್ದರೆ ಖಂಡಿತ ದೂರು ಕೊಡಿಸು, ಅದೂ ಅದೇ ರಾತ್ರಿ. ಆಗಿಲ್ಲದ ಗಾಯಕ್ಕೆ ಕಾಗದ ಹುಟ್ಟಿಸುವ ಕೆಲಸಕ್ಕೆ ನಿನ್ನ ವಕಾಲತ್ತು ಕೊಡಬೇಡ, ಫೀಸು ಎಷ್ಟೇ ಇರಲಿ. ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಆ ಕಟ್ಟಡದಲ್ಲಿ ನೀನು ಇನ್ನು ಮೂವತ್ತು ವರ್ಷ ಓಡಾಡಬೇಕು. ಈ ವಕೀಲರು ಹೇಳಿದರೆ ಅದು ಹಾಗೇ ಇರುತ್ತದೆ ಎಂದು ನ್ಯಾಯಾಧೀಶರು ಒಮ್ಮೆ ನಂಬಿದರೆ, ಮಧ್ಯಂತರ ರಕ್ಷಣೆ ಕೇಳಿದ ದಿನವೇ ಸಿಗುತ್ತದೆ. ಹಿಂದಿನ ಕೇಸು ಇದ್ದರೆ ಅರ್ಜಿಯಲ್ಲಿ ಬರೆ. ಮುಚ್ಚಿಟ್ಟದ್ದನ್ನು ಅಭಿಯೋಜಕರು ತಕರಾರಿನಲ್ಲಿ ತೆಗೆದರೆ ಅಲ್ಲಿಗೆ ಮುಗಿಯಿತು.

ನ್ಯಾಯಾಲಯಗಳ ಬಗ್ಗೆ ನನಗೊಂದು ಅಸಮಾಧಾನ ಇದೆ. ಹಲ್ಲೆ ಕೇಸಿನಲ್ಲಿ ದೂರುದಾರ ಮತ್ತು ಆರೋಪಿ ಎಲ್ಲೋ ದೂರದವರಲ್ಲ. ಒಂದೇ ಅಡ್ಡರಸ್ತೆ, ಒಂದೇ ಹಾಲಿನ ಬೂತು, ಮಕ್ಕಳು ಒಂದೇ ಸ್ಕೂಲು. ಜಾಮೀನು ಆದೇಶಗಳಲ್ಲಿ ಷರತ್ತು ಮಾತ್ರ ಎಲ್ಲ ಕೇಸಿಗೂ ಒಂದೇ: ಒಂದು ಲಕ್ಷದ ಬಾಂಡು, ಒಬ್ಬ ಶ್ಯೂರಿಟಿ, ತನಿಖೆಗೆ ಸಹಕಾರ, ಸಾಕ್ಷಿಗಳನ್ನು ಬೆದರಿಸಬಾರದು. ಈ ಕೊನೆಯದು ಕಾಗದದ ಮೇಲಿನ ಮಾತಾಗಿ ಉಳಿಯುತ್ತದೆ. ಬೆದರಿಕೆ ಎಂದರೆ ಏನು? ಬೈಕಿನಲ್ಲಿ ದಿನಾ ಸಂಜೆ ಅವರ ಮನೆ ಮುಂದೆ ನಿಧಾನ ಹೋಗಿ ಹಾರ್ನ್ ಹಾಕುವುದು ಬೆದರಿಕೆಯೇ? ಗಾಯಾಳುವಿಗೆ ಅದು ಸಾಕು. ನ್ಯಾಯಾಲಯ ಜಾಮೀನು ಕೊಡಲಿ, ಆದರೆ ಆ ಬೀದಿಗೆ ತಕ್ಕ ಷರತ್ತು ಹಾಕಲಿ. ಕೆಲ ತಿಂಗಳು ಆ ಅಡ್ಡರಸ್ತೆಗೆ ಕಾಲಿಡಬಾರದು, ಬೇರೆ ಮನೆಯಲ್ಲಿರಲಿ, ವಿಳಾಸ ಠಾಣೆಗೆ ಕೊಡಲಿ. ನಿನ್ನ ಅರ್ಜಿಯಲ್ಲಿ ನೀನಾಗಿಯೇ ಇಂಥ ಷರತ್ತು ಒಪ್ಪಿಕೋ. ‘ಕೆಂಗೇರಿಯ ಚಿಕ್ಕಪ್ಪನ ಮನೆಯಲ್ಲಿ ಇರುತ್ತಾನೆ, ವಿಜಯನಗರಕ್ಕೆ ಬರುವುದಿಲ್ಲ’ ಎಂಬ ಒಂದು ಪ್ರಮಾಣಪತ್ರ ಹತ್ತು ತೀರ್ಪುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದೂರುದಾರರ ಮಾತನ್ನೂ ಕೇಳಬೇಕು ಎಂಬುದು ಈಗ ಬರೀ ಸೌಜನ್ಯದ ವಿಷಯವಾಗಿ ಉಳಿದಿಲ್ಲ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ನೊಂದವರಿಗೆ ಪ್ರತಿ ಹಂತದಲ್ಲೂ ಹೇಳಿಕೊಳ್ಳುವ ಹಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ, ಕೊಟ್ಟಿದ್ದ ಜಾಮೀನನ್ನೇ ರದ್ದು ಮಾಡಿತು. ಒಂದು ದಿನ ನೀನು ದೂರುದಾರರ ಪರವಾಗಿಯೂ ನಿಲ್ಲುತ್ತೀಯ. ಆಗ ಗಾಯದ ಫೋಟೋ, ಆಸ್ಪತ್ರೆಯ ಬಿಲ್ಲು, ಕೆಲಸಕ್ಕೆ ಹೋಗಲಾಗದ ದಿನಗಳ ಲೆಕ್ಕ ಹಿಡಿದು ಹೋಗು. ಬರೀ ‘ಜಾಮೀನು ಕೊಡಬೇಡಿ’ ಎನ್ನಬೇಡ. ಕೊಡುವುದಾದರೆ ಈ ಷರತ್ತು ಹಾಕಿ ಎಂದು ಪರ್ಯಾಯವಾಗಿ ಕೇಳು. ಎಷ್ಟೋ ಗಾಯಾಳುಗಳಿಗೆ ಎದುರಿನವನು ಜೈಲಿಗೆ ಹೋಗಬೇಕೆಂಬುದಕ್ಕಿಂತ, ಅವನು ಮತ್ತೆ ಗೇಟಿನ ಹತ್ತಿರ ಬರಬಾರದು ಎಂಬುದೇ ಮುಖ್ಯ.

ಇನ್ನು ಆದೇಶ ಸಿಕ್ಕ ಮೇಲಿನ ಕೆಲಸ. ಎಷ್ಟೋ ಹುಡುಗರು ‘ಆಂಟಿಸಿಪೇಟರಿ ಆಯ್ತು’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿ ಸುಮ್ಮನಾಗುತ್ತಾರೆ. ಆದೇಶ ಬಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಅದರಲ್ಲಿ ಹೇಳಿದ ದಿನಗಳೊಳಗೆ ತನಿಖಾಧಿಕಾರಿಯ ಮುಂದೆ ಹಾಜರಾಗಿ, ಬಾಂಡ್ ಬರೆದು, ಶ್ಯೂರಿಟಿಯ ಖಾತೆಯೋ ಪಹಣಿಯೋ ಕೊಟ್ಟು, ಸಹಿ ಮಾಡಿ ಬರಬೇಕು. ಆ ಅವಧಿ ದಾಟಿದರೆ ಅರ್ಜಿ ಹಾಕಿದ್ದೂ ವ್ಯರ್ಥ. ಆದೇಶ ಇಂಗ್ಲಿಷಿನಲ್ಲಿ ಇರುತ್ತದೆ. ಹುಡುಗನನ್ನೂ ಅವನ ಅಪ್ಪನನ್ನೂ ಎದುರು ಕೂರಿಸಿ ಪ್ರತಿ ಷರತ್ತನ್ನೂ ಕನ್ನಡದಲ್ಲಿ ಓದಿ ಹೇಳು. ಯಾವ ರಸ್ತೆಗೆ ಹೋಗಬಾರದು, ಯಾರ ಹತ್ತಿರ ಮಾತಾಡಬಾರದು, ರಾಜಿ ಮಾತುಕತೆಗೂ ನೇರವಾಗಿ ಹೋಗದೆ ವಕೀಲರ ಮೂಲಕವೇ ಹೋಗಬೇಕು, ಯಾವ ವಾರ ಠಾಣೆಯಲ್ಲಿ ಸಹಿ. ಮುರಿದರೆ ಪೊಲೀಸರೂ ದೂರುದಾರರೂ ರದ್ದತಿಗೆ ಬರಬಹುದು ಎಂಬುದನ್ನೂ ಹೇಳು. ಆಮೇಲೆ ಅವರ ಜೊತೆ ನೀನೇ ಠಾಣೆಗೆ ಹೋಗು, ಗುಮಾಸ್ತನನ್ನು ಕಳಿಸಬೇಡ. ಆದೇಶದ ಎರಡು ಪ್ರತಿ ಇಟ್ಟುಕೊ, ಒಂದಕ್ಕೆ ಠಾಣೆಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಫೈಲಿಗೆ ಸೇರಿಸು.